ಫಂಗಸ್ ಇದೆಯಾ ಅಂತ ನೀವು ಕೇಳಲೇ ಇಲ್ವಲ್ಲ

ಆನ್‌ಲೈನ್‌ನಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಲೆನ್ಸ್ ಕೊರಿಯರ್‌ನಲ್ಲಿ ಬಂದದ್ದು ಒಂದು ಸಂಜೆ. ಡಬ್ಬಿ ಚೆನ್ನಾಗಿತ್ತು. ಮುಂದಿನ ಕ್ಯಾಪ್, ಹಿಂದಿನ ಕ್ಯಾಪ್ ಎರಡೂ ಇದ್ದವು. ಕ್ಯಾಮೆರಾಗೆ ಹಾಕಿ ನಾಲ್ಕು ಫೋಟೊ ತೆಗೆದೆ, ಏನೂ ತೊಂದರೆ ಕಾಣಲಿಲ್ಲ. ರಾತ್ರಿ ಕರೆಂಟ್ ಹೋಯಿತು. ಮೊಬೈಲ್ ಟಾರ್ಚ್ ಕೈಯಲ್ಲೇ ಇತ್ತು, ಸುಮ್ನೆ ಲೆನ್ಸ್ ಒಳಗೆ ಬೆಳಕು ಬಿಟ್ಟು ನೋಡಿದೆ. ಒಳಗಿನ ಗಾಜಿನ ಅಂಚಿನಿಂದ ನಡುವಿನ ಕಡೆಗೆ ಬಿಳಿ ಎಳೆಗಳು ಹರಡಿಕೊಂಡಿದ್ದವು. ಜೇಡರ ಬಲೆಯಷ್ಟು ತೆಳು, ಬೇರಿನ ಹಾಗೆ ಕವಲು ಕವಲು. ಫಂಗಸ್.

ಮಾರಿದವರಿಗೆ ಫೋನ್ ಮಾಡಿದೆ. "ಸರ್, ಇದರಲ್ಲಿ ಫಂಗಸ್ ಇದೆಯಲ್ಲ?" ಅಂದೆ. ಅವರು ತಡವರಿಸಲಿಲ್ಲ. "ಹೌದು ಸರ್, ಸ್ವಲ್ಪ ಇದೆ. ಫೋಟೊದಲ್ಲೇನೂ ಬರಲ್ಲ. ಫಂಗಸ್ ಇದೆಯಾ ಅಂತ ನೀವು ಕೇಳಲೇ ಇಲ್ವಲ್ಲ" ಅಂದರು.

ಎಷ್ಟೋ ದಿನ ಆ ಮಾತು ತಲೆಯಿಂದ ಹೋಗಲಿಲ್ಲ. ಯಾಕೆಂದರೆ ಅವರು ಹೇಳಿದ್ದು ನಿಜ. ಜಾಹೀರಾತಿನಲ್ಲಿ 'ಮಿಂಟ್ ಕಂಡೀಷನ್, ಸಿಂಗಲ್ ಓನರ್, ನೋ ಸ್ಕ್ರ್ಯಾಚ್' ಅಂತಿತ್ತು. ಗೀರು ಇರಲಿಲ್ಲ. ಓನರ್ ಒಬ್ಬರೇ. ಫಂಗಸ್ ಬಗ್ಗೆ ಒಂದಕ್ಷರವೂ ಇರಲಿಲ್ಲ, ನಾನೂ ಕೇಳಿರಲಿಲ್ಲ.

ಆನ್‌ಲೈನ್‌ನಲ್ಲಿ ಹಳೇ ಕ್ಯಾಮೆರಾ ಕೊಂಡು ಮೋಸ ಹೋದವರ ಕಥೆ ಅಂದ ಕೂಡಲೇ ನಮಗೆ ನೆನಪಾಗೋದು ಬೇರೆ ಥರದ ಕಳ್ಳರು. ಆರ್ಮಿಯಲ್ಲಿದ್ದೀನಿ, ಟ್ರಾನ್ಸ್‌ಫರ್ ಆಗಿದೆ, ಅದಕ್ಕೇ ಅಗ್ಗಕ್ಕೆ ಕೊಡ್ತಿದ್ದೀನಿ ಅನ್ನೋರು. ಐಡಿ ಕಾರ್ಡ್ ಫೋಟೊ ಕಳಿಸಿ ಅಡ್ವಾನ್ಸ್ ಹಾಕಿಸಿಕೊಂಡು ಮಾಯವಾಗೋರು. ಕ್ಯೂಆರ್ ಕಳಿಸಿ "ಸ್ಕ್ಯಾನ್ ಮಾಡಿ, ನಿಮಗೇ ದುಡ್ಡು ಬರುತ್ತೆ" ಅನ್ನೋರು. ಯುಪಿಐನಲ್ಲಿ ದುಡ್ಡು ಪಡೆಯೋಕೆ ಪಿನ್ ಹಾಕೋದೇ ಬೇಡ ಅನ್ನೋದು ಗೊತ್ತಿದ್ದರೆ ಈ ಕ್ಯೂಆರ್ ಆಟ ನಡೆಯಲ್ಲ. ದುಡ್ಡು ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಮೊದಲ ಕೆಲವು ಗಂಟೆಗಳಲ್ಲಿ ದೂರು ಹೋದರೆ ಹಣ ತಡೆಹಿಡಿಯುವ ಸಾಧ್ಯತೆ ಜಾಸ್ತಿ.

ಇವರು ಕಳ್ಳರು, ಅದರಲ್ಲಿ ಗೊಂದಲ ಇಲ್ಲ. ನನ್ನ ಚಿಂತೆ ಇನ್ನೊಂದು ಥರದ ಮಾರಾಟಗಾರರ ಬಗ್ಗೆ. ಅವರ ಹತ್ತಿರ ಕ್ಯಾಮೆರಾ ನಿಜವಾಗಿಯೂ ಇರುತ್ತೆ. ಹೆಸರು, ಫೋನ್ ನಂಬರ್ ಎಲ್ಲಾ ಅಸಲಿ. ಹೇಳೋದೂ ಬಹುಪಾಲು ನಿಜವೇ. ಹೇಳದೆ ಬಿಟ್ಟ ಒಂದು ವಿಷಯದಲ್ಲಿ ನಿಮ್ಮ ಹತ್ತು ಸಾವಿರ ಹೋಗುತ್ತೆ.

ಈಗ ಇದು ಹೆಚ್ಚಾಗೋಕೆ ಕಾರಣ ಇದೆ. 2018ರಲ್ಲಿ ಕ್ಯಾನನ್ ಇಒಎಸ್ ಆರ್, ನಿಕಾನ್ ಝಡ್ 6, ಝಡ್ 7 ಅನ್ನೋ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾಗಳನ್ನು ತಂದವು. ಸೋನಿಯ ಎ7 ಸರಣಿ 2013ರಿಂದಲೇ ಇತ್ತು. ಆಮೇಲೆ ಮದುವೆ ಸ್ಟುಡಿಯೋಗಳು ಒಂದೊಂದಾಗಿ ಮಿರರ್‌ಲೆಸ್ ಕಡೆ ಹೋದವು. ವರ್ಷಗಟ್ಟಲೆ ದುಡಿದ, ಕನ್ನಡಿ ಇರುವ ಡಿಎಸ್‌ಎಲ್‌ಆರ್‌ಗಳು, ಅವುಗಳ ಲೆನ್ಸ್‌ಗಳು ಮಾರಾಟಕ್ಕೆ ಬಂದವು. ಇನ್ನೊಂದು ಕಡೆ, ಹಲವು ಹೊಸ ಬಾಡಿಗಳ (ಲೆನ್ಸ್ ಇಲ್ಲದ ಕ್ಯಾಮೆರಾಗಳ) ಬೆಲೆ ಲಕ್ಷ ದಾಟಿರುವಾಗ ಕಲಿಯೋ ಹುಡುಗರಿಗೆ ಸೆಕೆಂಡ್ ಹ್ಯಾಂಡ್ ಒಂದೇ ದಾರಿ. ಜಾಸ್ತಿ ದುಡಿದ ಮಾಲು, ಕಮ್ಮಿ ಅನುಭವದ ಕೊಳ್ಳುಗ, ನಡುವೆ ಒಂದು ಮೊಬೈಲ್ ಸ್ಕ್ರೀನ್.

ಜಾರ್ಜ್ ಅಕೆರ್ಲಾಫ್ ಅನ್ನೋ ಅಮೆರಿಕದ ಅರ್ಥಶಾಸ್ತ್ರಜ್ಞರು 1970ರಲ್ಲಿ ಹಳೇ ಕಾರುಗಳ ಮಾರುಕಟ್ಟೆ ಇಟ್ಟುಕೊಂಡು ಇದನ್ನೇ ವಿವರಿಸಿದ್ದರು. 2001ರ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡವರಲ್ಲಿ ಅವರೂ ಒಬ್ಬರು. ಮಾಲಿನ ಹುಳುಕು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಹೆದರಿ ಕಡಿಮೆ ರೇಟು ಹೇಳುತ್ತಾನೆ. ಆ ರೇಟಿಗೆ ಚೆನ್ನಾಗಿ ಇಟ್ಟುಕೊಂಡವನು ಮಾರಲ್ಲ. ಅವನ ಕ್ಯಾಮೆರಾಗೆ 40,000 ನ್ಯಾಯವಾದ ಬೆಲೆ ಅಂದುಕೊಳ್ಳಿ, ಎಲ್ಲರೂ 28,000ಕ್ಕೆ ಕೇಳಿದರೆ ಬೇಸತ್ತು ಬೀರುವಿನಲ್ಲೇ ಇಟ್ಟುಬಿಡ್ತಾನೆ, ಇಲ್ಲಾ ತಮ್ಮನಿಗೆ ಕೊಡ್ತಾನೆ. 28,000 ಸಾಕು ಅನ್ನೋನು ಉಳಿಯುತ್ತಾನೆ. ಅವನಿಗೆ ಯಾಕೆ ಅಷ್ಟೇ ಸಾಕು ಅಂತ ಯೋಚನೆ ಮಾಡಬೇಕು ಅಲ್ವಾ? ಹೀಗೆ, ಬಾಯಿ ಮುಚ್ಚಿಕೊಂಡು ಮಾರುವವರಿಂದ ಪ್ರಾಮಾಣಿಕರಿಗೂ ಏಟು ಬೀಳುತ್ತೆ. ಇದು ನನಗೆ ತುಂಬಾ ಸಂಕಟ ಕೊಡುವ ಸಂಗತಿ.

ಈಗ ಶಟರ್ ಕೌಂಟ್, ಅಂದರೆ ಕ್ಯಾಮೆರಾದ ಶಟರ್ ಎಷ್ಟು ಸಲ ಓಡಿದೆ ಅನ್ನೋ ಲೆಕ್ಕದ ವಿಷಯಕ್ಕೆ ಬರೋಣ. ಎಲ್ಲರೂ ಮೊದಲು ಕೇಳೋದು ಇದನ್ನೇ, ಹೆಚ್ಚು ದಾರಿ ತಪ್ಪಿಸೋದೂ ಇದರಲ್ಲೇ.

ಶಟರ್ ಅಂದರೆ ಚಿತ್ರ ಹಿಡಿಯುವ ಸೆನ್ಸರ್ ಮುಂದಿನ ಪರದೆ. ಒಂದು ಫೋಟೊಗೆ ಒಂದು ಸಲ ತೆರೆದು ಮುಚ್ಚುತ್ತೆ. ಕಂಪನಿಗಳು ಅದನ್ನು ಇಷ್ಟು ಸಲಕ್ಕೆ ಅಂತ ಪರೀಕ್ಷೆ ಮಾಡಿರುತ್ತವೆ. ನಿಕಾನ್ ಡಿ750ಗೆ 1,50,000, ಡಿ850ಗೆ 2,00,000, ಕ್ಯಾನನ್ 5ಡಿ ಮಾರ್ಕ್ 3ಕ್ಕೆ 1,50,000. ಅಷ್ಟಾದ ಕೂಡಲೇ ಕೆಟ್ಟುಹೋಗುತ್ತೆ ಅಂತಲ್ಲ, ಅಷ್ಟರೊಳಗೆ ಕೆಡಲ್ಲ ಅನ್ನೋ ಗ್ಯಾರಂಟಿಯೂ ಅಲ್ಲ. ಒಂದು ಅಂದಾಜು ಅಷ್ಟೇ.

ಮಾರುವವರು ಈ ಸಂಖ್ಯೆಯನ್ನು ಹೇಗೆ ತೋರಿಸ್ತಾರೆ ನೋಡಿ. ಕ್ಯಾಮೆರಾದಲ್ಲಿ ಕೊನೆಯ ಫೋಟೊ ತೆರೆದು, 'ಡಿಎಸ್‌ಸಿ 3412' ಅಂತ ಫೈಲ್ ಹೆಸರು ತೋರಿಸಿ, "ನೋಡಿ ಬ್ರೋ, ಬರೀ ಮೂರೂವರೆ ಸಾವಿರ ಕೂಡ ಆಗಿಲ್ಲ" ಅನ್ನೋರಿದ್ದಾರೆ. ಆ ನಂಬರ್ 9999 ಆದ ಮೇಲೆ ಮತ್ತೆ 0001ರಿಂದ ಶುರುವಾಗುತ್ತೆ. 3,412 ಇರಬಹುದು, 1,23,400 ಕೂಡ ಇರಬಹುದು. ಕೆಲವರಿಗೆ ನಿಜವಾಗಿಯೂ ಇದು ಗೊತ್ತಿರಲ್ಲ. ಹತ್ತು ಬಾಡಿ ಮಾರಿದವರಿಗೆ ಗೊತ್ತಿರುತ್ತೆ.

ನಿಕಾನ್‌ನಲ್ಲಿ ಪ್ರತಿ ಫೋಟೊ ಫೈಲಿನ ಒಳಗೇ ಕೌಂಟ್ ಬರೆದಿರುತ್ತೆ. ಹಾಗಾಗಿ ಈಗಷ್ಟೇ ತೆಗೆದ ಒಂದು ಒರಿಜಿನಲ್ ಫೈಲ್ ಕಳಿಸಿ ಅಂದರೆ ಸಾಕು. ಆದರೆ ಅದನ್ನು ವಾಟ್ಸಾಪ್‌ನಲ್ಲಿ ಫೋಟೊ ಥರ ಕಳಿಸಿದರೆ ಒಳಗಿನ ಮಾಹಿತಿ ಅಳಿಸಿಹೋಗುತ್ತೆ. ಡಾಕ್ಯುಮೆಂಟ್ ಆಗಿ ಇಲ್ಲಾ ಇಮೇಲ್‌ನಲ್ಲಿ ಕಳಿಸಬೇಕು. ಬಂದ ಫೈಲಿನ ತಾರೀಖು ಇವತ್ತಿನದೇನಾ, ಒಳಗಿರುವ ಸೀರಿಯಲ್ ನಂಬರ್ ಬಾಡಿಯ ಅಡಿಯಲ್ಲಿ ಇರುವುದೇನಾ ಅಂತಲೂ ನೋಡಬೇಕು. ಕ್ಯಾನನ್‌ನ ಹೆಚ್ಚಿನ ಬಾಡಿಗಳಲ್ಲಿ ಫೋಟೊದಿಂದ ಕೌಂಟ್ ಸಿಗಲ್ಲ, ಕೇಬಲ್ ಹಾಕಿ ಸಾಫ್ಟ್‌ವೇರ್‌ನಲ್ಲಿ ಓದಬೇಕು. ಬರೀ ಸ್ಕ್ರೀನ್‌ಶಾಟ್ ನಂಬೋ ಹಾಗಿಲ್ಲ. ಅದು ಯಾವ ಕ್ಯಾಮೆರಾದ್ದು ಅಂತ ಯಾರಿಗೆ ಗೊತ್ತು?

ಇಷ್ಟೆಲ್ಲಾ ಮಾಡಿ ಕೌಂಟ್ 9,000 ಅಂತ ಸಿಕ್ಕಿತು ಅಂದುಕೊಳ್ಳಿ. ಆಗಲೂ ಖುಷಿಪಡೋ ಮುಂಚೆ ಒಂದು ಲೆಕ್ಕ ಹಾಕಿ. ಒಂದು ಮದುವೆಗೆ 2,500 ಫೋಟೊ ಅಂದರೂ ವರ್ಷಕ್ಕೆ 40 ಮದುವೆ ಮಾಡುವ ಸ್ಟುಡಿಯೋದಲ್ಲಿ ಒಂದು ಲಕ್ಷ ಆಗುತ್ತೆ. ಐದು ವರ್ಷ ಸ್ಟುಡಿಯೋದಲ್ಲಿದ್ದ ಬಾಡಿಯ ಕೌಂಟ್ 9,000 ಹೇಗಿರುತ್ತೆ? ಒಂದೋ ಶಟರ್ ಬದಲಾಯಿಸಿದ್ದಾರೆ, ಇಲ್ಲವೋ ಅದು ವಿಡಿಯೋಗೆ ದುಡಿದಿದೆ. ವಿಡಿಯೋ ಮಾಡುವಾಗ ಶಟರ್ ಒಂದು ಸಲ ತೆರೆದರೆ ಆಯಿತು, ಹಾಗೇ ತೆರೆದಿರುತ್ತೆ. ನಾಂದಿಯಿಂದ ರಿಸೆಪ್ಷನ್ ತನಕ ಹತ್ತು ತಾಸು ಓಡಿದರೂ ಕೌಂಟ್ ನೂರಿನ್ನೂರು ಏರಬಹುದು. ಆದರೆ ಸೆನ್ಸರ್ ಹತ್ತು ತಾಸು ಬಿಸಿಯಾಗೇ ಇರುತ್ತೆ. ಮಿರರ್‌ಲೆಸ್‌ನಲ್ಲಿ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಳಸಿದರೆ ಮೆಕ್ಯಾನಿಕಲ್ ಶಟರ್ ಅಲ್ಲಾಡೋದೇ ಇಲ್ಲ. 'ಲೋ ಶಟರ್ ಕೌಂಟ್' ಅನ್ನೋದು ಸತ್ಯವೇ ಆಗಿದ್ದು ನಮ್ಮನ್ನು ತಪ್ಪು ದಾರಿಗೆ ಒಯ್ಯೋದು ಹೀಗೆ.

ಅದಕ್ಕೇ ನಾನು ಸಂಖ್ಯೆಗಿಂತ ಬಾಡಿಯನ್ನು ಜಾಸ್ತಿ ನಂಬುತ್ತೇನೆ. ಫ್ಲ್ಯಾಶ್ ಕೂರಿಸುವ ಹಾಟ್ ಶೂ ಮೇಲಿನ ಕಪ್ಪು ಬಣ್ಣ ಪೂರ್ತಿ ಉಜ್ಜಿಹೋಗಿ ಲೋಹ ಹೊಳೀತಿದ್ದರೆ ಅದು 'ಹೋಮ್ ಯೂಸ್' ಅಲ್ಲ. ಮನೆಯಲ್ಲಿ ದಿನಾ ಫ್ಲ್ಯಾಶ್ ಹಾಕಿ ತೆಗೆಯೋರು ಯಾರು? ಹಿಡಿಯ ರಬ್ಬರ್ ಉಬ್ಬಿ ಸಡಿಲ ಆಗಿದ್ದರೆ ಬೆವರಿನ ಕೈ ವರ್ಷಗಟ್ಟಲೆ ಹಿಡಿದಿದೆ. ಅಡಿಯ ಸ್ಕ್ರೂಗಳ ತಲೆ ಕಿತ್ತಿದ್ದರೆ ಯಾರೋ ಬಿಚ್ಚಿದ್ದಾರೆ.

ಫಂಗಸ್‌ಗೆ ಮರಳೋಣ, ಯಾಕೆಂದರೆ ನಮ್ಮ ಕಡೆ ಇದು ಎಲ್ಲಕ್ಕಿಂತ ದೊಡ್ಡ ಸಮಸ್ಯೆ. ಮಂಗಳೂರು, ಕಾರವಾರ, ಆಗುಂಬೆ, ಮಡಿಕೇರಿ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಬಟ್ಟೆ ಒಣಗಲ್ಲ, ಚಪ್ಪಲಿಗೆ ಬೂಸ್ಟು ಹಿಡಿಯುತ್ತೆ. ಚೀಲದಲ್ಲಿಟ್ಟು ಬೀರುವಿನಲ್ಲಿ ಮುಚ್ಚಿದ ಲೆನ್ಸ್‌ಗೂ ಅದೇ ಗತಿ. ಕತ್ತಲೆ, ತೇವ, ಗಾಳಿ ಆಡದ ಜಾಗ, ಫಂಗಸ್‌ಗೆ ಬೇಕಾದದ್ದೆಲ್ಲಾ ಅಲ್ಲಿದೆ. ಚರ್ಮದ ಕೇಸ್ ಆದರೆ ಇನ್ನೂ ಕೆಡುಕು, ಅದೇ ತೇವ ಹಿಡಿದಿಟ್ಟುಕೊಳ್ಳುತ್ತೆ. ಡ್ರೈ ಕ್ಯಾಬಿನೆಟ್‌ನಲ್ಲಿ (ತೇವ ಹಿಡಿತದಲ್ಲಿಡುವ ಪೆಟ್ಟಿಗೆಯಲ್ಲಿ) ತೇವಾಂಶ 40ರಿಂದ 50 ಶೇಕಡಾ ಇಟ್ಟವರ ಲೆನ್ಸ್ ಉಳಿಯುತ್ತೆ.

ಫಂಗಸ್ ಬರೀ ಕೊಳೆ ಅಲ್ಲ. ಬಹಳ ದಿನ ಬಿಟ್ಟರೆ ಗಾಜಿನ ಮೇಲಿನ ಲೇಪನವನ್ನೇ ತಿಂದುಹಾಕುತ್ತೆ. ಆಮೇಲೆ ಬಿಚ್ಚಿ ಒರೆಸಿದರೂ ಕಲೆ ಹೋಗಲ್ಲ. "ಫೋಟೊದಲ್ಲೇನೂ ಬರಲ್ಲ" ಅನ್ನೋ ಮಾತು ಹಗಲಿನ ಸಾಮಾನ್ಯ ಫೋಟೊಗೆ ನಿಜ. ಸೂರ್ಯನ ಎದುರು ಹಿಡಿದರೆ, ಇಲ್ಲಾ ರಾತ್ರಿ ಬೀದಿದೀಪ ಫ್ರೇಮಿನಲ್ಲಿದ್ದರೆ ಮಂಜು ಕವಿದ ಹಾಗೆ ಬಣ್ಣ ಪೇಲವ ಆಗುತ್ತೆ. ಮಾರುವವರು ಇದಕ್ಕೆ 'ಸಣ್ಣ ಧೂಳು' ಅಂತ ಹೆಸರಿಡ್ತಾರೆ. ಧೂಳು ಚುಕ್ಕೆ ಚುಕ್ಕೆಯಾಗಿರುತ್ತೆ, ಫಂಗಸ್ ಎಳೆ ಎಳೆಯಾಗಿ ಕವಲೊಡೆದಿರುತ್ತೆ. ಒಂದು ಸಲ ನೋಡಿದವರು ಮರೆಯಲ್ಲ.

ಟಾರ್ಚ್ ಬಿಟ್ಟು ತೋರಿಸಿ ಅಂತ ವಿಡಿಯೋ ಕಾಲ್‌ನಲ್ಲಿ ಕೇಳಿದರೂ ಒಂದು ಕಷ್ಟ ಇದೆ. ಹೆಸರಿನಲ್ಲಿ 'ಜಿ' ಇರುವ ನಿಕಾನ್ ಲೆನ್ಸ್‌ಗಳನ್ನು ಬಾಡಿಯಿಂದ ಬಿಚ್ಚಿದಾಗ ಬೆಳಕಿನ ದಾರಿ ಹಿಗ್ಗಿಸಿ ಕುಗ್ಗಿಸುವ ಅಪರ್ಚರ್ ಬ್ಲೇಡ್‌ಗಳು ಮುಚ್ಚಿಕೊಂಡಿರುತ್ತವೆ. ನಡುವೆ ಸಣ್ಣ ತೂತು ಮಾತ್ರ ಕಾಣುತ್ತೆ. ಫಂಗಸ್ ಶುರುವಾಗೋದು ಸಾಮಾನ್ಯವಾಗಿ ಅಂಚಿನಲ್ಲಿ. ಹಿಂದಿರುವ ಸಣ್ಣ ಲೋಹದ ಕಡ್ಡಿಯನ್ನು ಬೆರಳಲ್ಲಿ ತಳ್ಳಿ ಹಿಡಿದು, ಬ್ಲೇಡ್ ಪೂರ್ತಿ ತೆರೆದು, ಓರೆಯಾಗಿ ಬೆಳಕು ಬಿಟ್ಟರೆ ಮಾತ್ರ ನಿಜ ಹೊರಗೆ ಬರುತ್ತೆ. ಇದನ್ನು ಮಾಡಿ ತೋರಿಸಿ ಅಂದಾಗ ಎದುರಿನವರು ಏನನ್ನುತ್ತಾರೆ ಗಮನಿಸಿ. "ಕೈ ಸಿಗ್ತಿಲ್ಲ, ನೆಟ್‌ವರ್ಕ್ ಇಲ್ಲ" ಶುರುವಾದರೆ ಅಲ್ಲಿಗೆ ಬಿಟ್ಟುಬಿಡಿ.

ಅಪರ್ಚರ್ ವಿಷಯದಲ್ಲೇ ಇನ್ನೊಂದಿದೆ. ಕ್ಯಾನನ್‌ನ 24-105 ಎಫ್ 4 ಎಲ್ ಲೆನ್ಸ್‌ನ ಮೊದಲ ಆವೃತ್ತಿಯಲ್ಲಿ ಒಳಗಿನ ಫ್ಲೆಕ್ಸ್ ಕೇಬಲ್ ಸವೆದು 'ಎರರ್ 01' ಬರೋದು ಸರ್ವಿಸ್ ಮಾಡುವವರಿಗೆಲ್ಲಾ ಗೊತ್ತು. ಎಫ್ 4ರಲ್ಲಿ, ಅಂದರೆ ಅಪರ್ಚರ್ ಪೂರ್ತಿ ತೆರೆದಿರುವಾಗ, ಎಷ್ಟು ಫೋಟೊ ತೆಗೆದರೂ ಬರಲ್ಲ, ಯಾಕೆಂದರೆ ಬ್ಲೇಡ್ ಅಲ್ಲಾಡೋದೇ ಇಲ್ಲ. ಎಫ್ 11ಕ್ಕೆ ಇಳಿಸಿ ಕ್ಲಿಕ್ ಮಾಡಿದಾಗ ಕ್ಯಾಮೆರಾ ನಿಂತುಹೋಗುತ್ತೆ. ಕೆಲವು ಸಲ ಝೂಮ್‌ನ ಒಂದು ತುದಿಯಲ್ಲಿ ಮಾತ್ರ. ಮಾರುವವರು ಕಳಿಸುವ ಡೆಮೊ ವಿಡಿಯೋ ಪೂರ್ತಿ ಎಫ್ 4ರಲ್ಲೇ ಇದ್ದರೆ ಎಫ್ 11 ಇಟ್ಟು ಝೂಮ್ 24ರಲ್ಲಿ ಒಂದು, 105ರಲ್ಲಿ ಒಂದು ಫೋಟೊ ಕೇಳಿ.

ಕ್ಯಾಮೆರಾ ಬಾಡಿಯ ಹೊಸ ಕಾಲದ ಕಾಯಿಲೆ ಅಂದರೆ ಲೇಸರ್. ರಿಸೆಪ್ಷನ್, ಡಿಜೆ ಕಾರ್ಯಕ್ರಮಗಳ ಲೇಸರ್ ಕಿರಣ ನೇರ ಸೆನ್ಸರ್ ಮೇಲೆ ಬಿದ್ದರೆ ಅಲ್ಲಿ ಶಾಶ್ವತವಾಗಿ ಚುಕ್ಕೆ ಅಥವಾ ಗೆರೆ ಉಳಿಯುತ್ತೆ. ಸೆನ್ಸರ್ ಬದಲಾಯಿಸೋ ಖರ್ಚಿಗೆ ಇನ್ನೊಂದು ಹಳೇ ಬಾಡಿಯೇ ಬರಬಹುದು. ಆಕಾಶವನ್ನೋ ಬಿಳಿ ಗೋಡೆಯನ್ನೋ ಎಫ್ 16ರಲ್ಲಿ ಒಂದು, ಕ್ಯಾಪ್ ಮುಚ್ಚಿ ಒಂದು ತೆಗೆದು ದೊಡ್ಡದು ಮಾಡಿ ನೋಡಿದರೆ ಧೂಳು, ಗೀರು, ಸತ್ತ ಪಿಕ್ಸೆಲ್, ಲೇಸರ್ ಗೆರೆ ಎಲ್ಲಾ ಸಿಕ್ಕಿಬೀಳುತ್ತವೆ.

ಹೆಸರಿನಲ್ಲೇ ಅರ್ಧ ಬಿಡೋದೂ ಉಂಟು. '70-200 ಎಫ್ 2.8' ಅಂತ ಬರೆದು ಐಎಸ್ (ಕೈ ನಡುಗಿದರೂ ಫೋಟೊ ಅಲುಗದ ಹಾಗೆ ಮಾಡುವ ಏರ್ಪಾಡು) ಇದೆಯೋ ಇಲ್ಲವೋ, ಮೊದಲ ಆವೃತ್ತಿಯೋ ಎರಡನೆಯದೋ ಬರೆಯಲ್ಲ. ಬೆಲೆಯಲ್ಲಿ ಅಜಗಜಾಂತರ. ನಿಕಾನ್ 50 ಎಂಎಂ 1.8 ಡಿ ಲೆನ್ಸ್ ಕೊಂಡು ಡಿ5600ಗೆ ಹಾಕಿ, ಆಟೋಫೋಕಸ್ ಆಗ್ತಿಲ್ಲ ಅಂತ ಕಣ್ಣೀರಿಟ್ಟ ಹುಡುಗನನ್ನು ನಾನು ಕಂಡಿದ್ದೇನೆ. ಲೆನ್ಸ್ ಕೆಟ್ಟಿರಲಿಲ್ಲ. ಡಿ3000, ಡಿ5000 ಸರಣಿಯ ಬಾಡಿಗಳಲ್ಲಿ ಫೋಕಸ್ ಮೋಟರ್ ಇಲ್ಲ, ಆ ಹಳೇ ಲೆನ್ಸ್‌ನಲ್ಲೂ ಇಲ್ಲ. ತನ್ನ ಹತ್ತಿರ ಯಾವ ಕ್ಯಾಮೆರಾ ಇದೆ ಅಂತ ಅವನು ಮೊದಲೇ ಹೇಳಿದ್ದ. ಮಾರಿದವರು "ಫುಲ್ ವರ್ಕಿಂಗ್" ಅಂದಿದ್ದರು.

ಈಗ ಇವರು ಯಾರು ಅನ್ನೋ ಪ್ರಶ್ನೆ. 'ಅಪ್‌ಗ್ರೇಡ್ ಮಾಡ್ತಿದ್ದೀನಿ, ಅದಕ್ಕೇ ಮಾರ್ತಿದ್ದೀನಿ' ಅನ್ನೋ ಜಾಹೀರಾತುಗಳನ್ನು ಸ್ವಲ್ಪ ದಿನ ಕೂತು ನೋಡಿ. ನಾನು ಒಬ್ಬರ ಪ್ರೊಫೈಲ್ ತೆರೆದಾಗ ಆರು ಬೇರೆ ಬೇರೆ ಬಾಡಿಗಳ ಫೋಟೊ ಇತ್ತು, ಆರಕ್ಕೂ ಕೆಳಗೆ ಅದೇ ನೀಲಿ ಹೂವಿನ ಬೆಡ್‌ಶೀಟ್. ಆರಕ್ಕೂ 'ನನ್ನ ಪರ್ಸನಲ್ ಕ್ಯಾಮೆರಾ' ಅಂತ ಬರಹ. ಇದು ವ್ಯಾಪಾರ. ವ್ಯಾಪಾರ ತಪ್ಪಲ್ಲ, ವ್ಯಾಪಾರ ಅಂತ ಹೇಳದೆ ಇರೋದು ತಪ್ಪು. ಯಾಕೆ ಹೇಳಲ್ಲ ಅಂದರೆ, ಕಾನೂನು ವ್ಯಾಪಾರಿಯನ್ನೂ ಸ್ವಂತದ ವಸ್ತು ಮಾರುವವರನ್ನೂ ಬೇರೆ ಬೇರೆ ನೋಡುತ್ತೆ.

ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಕೆಳಗೆ 2020ರಲ್ಲಿ ಇ-ಕಾಮರ್ಸ್ ನಿಯಮಗಳು ಬಂದವು. ತನ್ನ ಸ್ವಂತದ ವಸ್ತುವನ್ನು ಯಾವಾಗಲೋ ಒಮ್ಮೆ ಮಾರುವ ವ್ಯಕ್ತಿಗೆ ಅವು ಅನ್ವಯಿಸಲ್ಲ. ನಿಯಮಿತವಾಗಿ ವ್ಯಾಪಾರ ಮಾಡುವವರಿಗೆ ಅನ್ವಯಿಸುತ್ತವೆ. 1930ರ ಸರಕು ಮಾರಾಟ ಕಾಯ್ದೆಯೂ ಹಾಗೇ. ಅಂಥ ಮಾಲಿನ ವ್ಯಾಪಾರ ಮಾಡುವವರ ಮೇಲೆ ಗುಣಮಟ್ಟದ ಹೊಣೆ ಜಾಸ್ತಿ, ಮನೆಯ ವಸ್ತು ಮಾರುವವರ ಮೇಲೆ ಕಡಿಮೆ. ಆದರೆ ಒಂದು ಮಾತು ಇಬ್ಬರಿಗೂ ಒಂದೇ. ವಿವರಣೆ ಕೊಟ್ಟು ಮಾರಿದರೆ ಮಾಲು ಆ ವಿವರಣೆಗೆ ಹೊಂದಬೇಕು. ಹಾಗಾಗಿ ಬೆಡ್‌ಶೀಟಿನ ಸ್ಕ್ರೀನ್‌ಶಾಟ್ ಕೂಡ ಸಾಕ್ಷಿ, ಜಾಹೀರಾತಿನ ಸ್ಕ್ರೀನ್‌ಶಾಟ್ ಕೂಡ ಸಾಕ್ಷಿ. ಮಾರಾಟ ಆದ ಮೇಲೆ ಜಾಹೀರಾತು ಅಳಿಸಿಹೋಗುತ್ತೆ. ಮೊದಲೇ ತೆಗೆದಿಟ್ಟುಕೊಳ್ಳಿ.

ವ್ಯಾಪಾರಿಯ ಮೇಲೆ ದೂರು ಕೊಡಬೇಕಾದರೆ ನೀವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಕೊಡಬಹುದು, ಎರಡು ವರ್ಷದೊಳಗೆ. ಐದು ಲಕ್ಷದ ತನಕದ ಖರೀದಿಗೆ ಶುಲ್ಕ ಇಲ್ಲ. ಮೊದಲು 1915 ಸಹಾಯವಾಣಿಗೆ ಹೇಳಿ ನೋಡಬಹುದು. ಹೊಟ್ಟೆಪಾಡಿಗೆ ಸ್ವತಃ ಫೋಟೊ ತೆಗೆಯುವವರು 'ಇದು ವ್ಯಾಪಾರಕ್ಕೆ ಕೊಂಡದ್ದು, ನನಗೆ ಗ್ರಾಹಕನ ಹಕ್ಕಿಲ್ಲ' ಅಂತ ಹಿಂಜರಿಯಬೇಕಿಲ್ಲ. ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಕೊಂಡದ್ದಕ್ಕೆ ಕಾಯ್ದೆಯಲ್ಲಿ ವಿನಾಯಿತಿ ಇದೆ.

ಬಿಲ್ ವಿಷಯ ಚಿಕ್ಕದಾಗಿ ಹೇಳ್ತೀನಿ. ಬಾಡಿಗೆಗೆ ತಂದ ಕ್ಯಾಮೆರಾವನ್ನು ಮಾರಿಬಿಡೋರಿದ್ದಾರೆ. ಕದ್ದ ವಸ್ತುವನ್ನು ನೀವು ದುಡ್ಡು ಕೊಟ್ಟು ಕೊಂಡರೂ ಅದು ನಿಮ್ಮದಾಗಲ್ಲ, ಪೊಲೀಸರು ಬಂದರೆ ಕೊಡಲೇಬೇಕು. ಬಿಲ್, ಬಾಕ್ಸ್, ಬಾಡಿ ಮೂರರಲ್ಲೂ ಸೀರಿಯಲ್ ನಂಬರ್ ಒಂದೇ ಇರಬೇಕು. 'ಇಂಪೋರ್ಟೆಡ್ ಪೀಸ್, ವಾರಂಟಿ ಇದೆ' ಅಂದರೆ ಆ ವಾರಂಟಿ ಭಾರತದಲ್ಲಿ ನಡೆಯುತ್ತಾ ಅಂತ ಕಂಪನಿಯ ಸರ್ವಿಸ್ ಸೆಂಟರ್‌ಗೆ ಸೀರಿಯಲ್ ನಂಬರ್ ಕೊಟ್ಟು ಕೇಳಿ. ಅಮೆರಿಕದಲ್ಲಿರುವ ಅಣ್ಣನ ಕೈಲಿ ಕೆಇಎಚ್, ಎಂಪಿಬಿ ಥರದ ಹಳೇ ಕ್ಯಾಮೆರಾ ಮಾರುವ ಕಂಪನಿಗಳಿಂದ ತರಿಸೋರು ನಮ್ಮಲ್ಲಿ ಬಹಳ ಜನ. ಆ ಕಂಪನಿಗಳು ಪರೀಕ್ಷೆ ಮಾಡಿ, ದರ್ಜೆ ಹಾಕಿ, ವಾರಂಟಿ ಕೊಟ್ಟು ಮಾರುತ್ತವೆ ನಿಜ. ಇಲ್ಲಿ ಕೆಟ್ಟರೆ ಮಾತ್ರ ವಾಪಸ್ ಅಲ್ಲಿಗೇ ಹೋಗಬೇಕು.

ಇನ್ನು ಆ ಮೊದಲ ಮಾತು. "ನೀವು ಕೇಳಲೇ ಇಲ್ವಲ್ಲ." ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು 1872ರ ಕಾಂಟ್ರಾಕ್ಟ್ ಕಾಯ್ದೆಯಲ್ಲಿ. ಅದರ 17ನೇ ಸೆಕ್ಷನ್ ಮೋಸ ಅಂದರೆ ಏನು ಅಂತ ಹೇಳುತ್ತೆ. ಸುಮ್ಮನಿರೋದು ಅಷ್ಟಕ್ಕೇ ಮೋಸ ಆಗಲ್ಲ ಅಂತಲೂ ಹೇಳುತ್ತೆ. ಅಲ್ಲಿ ಒಂದು ಕುದುರೆಯ ಉದಾಹರಣೆ ಇದೆ. ಒಬ್ಬ ತನ್ನ ಕುದುರೆಯನ್ನು ಹರಾಜಿನಲ್ಲಿ ಮಾರುತ್ತಾನೆ, ಅದರಲ್ಲಿ ದೋಷ ಇರೋದು ಅವನಿಗೆ ಗೊತ್ತು, ಹೇಳಲ್ಲ. ಇದು ಮೋಸ ಅಲ್ಲ. ನನ್ನ ಲೆನ್ಸ್ ಮಾರಿದವರು ನಿಂತಿದ್ದದ್ದು ಇದೇ ಜಾಗದಲ್ಲಿ. ಆದರೆ ಅದೇ ಸೆಕ್ಷನ್‌ನಲ್ಲಿ ಇನ್ನೊಂದು ಉದಾಹರಣೆ ಇದೆ. ಕೊಳ್ಳುವವನು ಹೇಳುತ್ತಾನೆ: ನೀನು ಅಲ್ಲ ಅನ್ನದಿದ್ದರೆ ಕುದುರೆ ಚೆನ್ನಾಗಿದೆ ಅಂತ ತಿಳಿದುಕೊಳ್ಳುತ್ತೇನೆ. ಮಾರುವವನು ಸುಮ್ಮನಿರುತ್ತಾನೆ. ಈಗ ಆ ಸುಮ್ಮನಿರುವಿಕೆಯೇ ಮಾತು. 150 ವರ್ಷದ ಹಿಂದೆ ಕುದುರೆಗೆ ಬರೆದ ಆ ನಾಲ್ಕು ಸಾಲು ಇವತ್ತಿನ ವಾಟ್ಸಾಪ್‌ಗೆ ಹೇಳಿ ಮಾಡಿಸಿದ ಹಾಗಿದೆ.

ಒಂದು ಎಚ್ಚರಿಕೆ ಅದೇ ಕಾಯ್ದೆಯಲ್ಲಿದೆ. ಎದುರಿನವರು ಬರೀ ಸುಮ್ಮನಿದ್ದು, ಸಾಮಾನ್ಯ ಎಚ್ಚರದಿಂದ ನೋಡಿದ್ದರೆ ನಿಮಗೇ ಗೊತ್ತಾಗುತ್ತಿತ್ತು ಅನ್ನೋ ಹಾಗಿದ್ದರೆ ಆಮೇಲೆ ಒಪ್ಪಂದ ಮುರಿಯೋದು ಕಷ್ಟ. ಹಾಗಾಗಿ ಕೈಗೆ ಸಿಕ್ಕಾಗ ಟಾರ್ಚ್ ಬಿಟ್ಟು ನೋಡೋದನ್ನು ಬಿಡಬಾರದು.

ಕಳೆದ ಮಳೆಗಾಲದಲ್ಲಿ ಅಕ್ಕನ ಮಗಳಿಗೆ ಒಂದು 50 ಎಂಎಂ ಲೆನ್ಸ್ ಹುಡುಕುತ್ತಿದ್ದೆವು. ಮಂಗಳೂರಿನವರೊಬ್ಬರು ಹಾಕಿದ್ದರು, ರೇಟು ಸರಿಯಾಗಿತ್ತು. ಅವಳ ಕೈಲೇ ಮೆಸೇಜ್ ಬರೆಸಿದೆ. "ಸರ್, ಈ ಲೆನ್ಸ್‌ನಲ್ಲಿ ಫಂಗಸ್, ಹೇಝ್ (ಗಾಜಿನ ಮಸುಕು) ಇಲ್ಲ, ಯಾರೂ ಬಿಚ್ಚಿಲ್ಲ, ಆಟೋಫೋಕಸ್ ಸರಿ ಇದೆ ಅಂದುಕೊಂಡು ತಗೊಳ್ತಿದ್ದೀನಿ. ಇದರಲ್ಲಿ ಯಾವುದಾದರೂ ಸರಿ ಇಲ್ಲ ಅಂದರೆ ದಯವಿಟ್ಟು ಈಗಲೇ ಹೇಳಿ." ಎರಡು ನೀಲಿ ಟಿಕ್ ಬಂತು. ಸಂಜೆ ತನಕ ಉತ್ತರ ಇಲ್ಲ. "ಮಾವ, ಅವರಿಗೆ ಬೇಜಾರಾಯ್ತೇನೋ" ಅಂದಳು.

ರಾತ್ರಿ ಒಂಬತ್ತಕ್ಕೆ ಒಂದು ವಿಡಿಯೋ ಬಂತು. ಕತ್ತಲೆ ಕೋಣೆ, ಟಾರ್ಚ್ ಬೆಳಕು, ಲೆನ್ಸ್ ನಿಧಾನಕ್ಕೆ ತಿರುಗುತ್ತಿತ್ತು. ಕೆಳಗೆ ಬರೆದಿದ್ದರು: "ಮೇಡಂ, ಹಿಂದಿನ ಗಾಜಿನ ಅಂಚಲ್ಲಿ ಒಂದು ಸಣ್ಣ ಎಳೆ ಇದೆ. ನೀವು ಕೇಳಿದ ಮೇಲೆ ನಾನೂ ಸರಿಯಾಗಿ ನೋಡಿದೆ. 800 ರೂಪಾಯಿ ಕಮ್ಮಿ ಕೊಡಿ, ಕ್ಲೀನ್ ಮಾಡಿಸಿಕೊಳ್ಳಿ." ಅವಳು ತಗೊಂಡಳು. ಕ್ಲೀನ್ ಮಾಡಿಸಿದ ಮೇಲೆ ಕಲೆ ಉಳಿದಿರಲಿಲ್ಲ, ಶುರುವಿನಲ್ಲೇ ಸಿಕ್ಕಿತ್ತು. ಈಗ ಆ ಲೆನ್ಸ್ ಅಡುಗೆಮನೆಯಿಂದ ಅವಳು ಎತ್ತಿಕೊಂಡು ಬಂದ ಗಾಳಿಯಾಡದ ಡಬ್ಬಿಯೊಂದರಲ್ಲಿ, ಸಿಲಿಕಾ ಜೆಲ್ ಪೊಟ್ಟಣಗಳ ನಡುವೆ ಇರುತ್ತೆ.